ಪೇರೋಲ್ ಸೇವೆಯ ‘ಹೊಸ ರಾಜ್ಯ ನೋಂದಣಿ’: ನಾಲ್ಕು ವರ್ಷ ಬಳಸಿದ ಮೇಲೆ

ಟೆಕ್ಸಸ್‌ನ ಪ್ಲೇನೋದಲ್ಲಿ ನನ್ನದೊಂದು ಪುಟ್ಟ ಮೆಡಿಕಲ್ ಬಿಲ್ಲಿಂಗ್ ಕಂಪನಿ ಇದೆ. ನನ್ನನ್ನೂ ಸೇರಿಸಿ ಏಳು ಜನ. 2021ರಿಂದ ಒಂದೇ ಪೇರೋಲ್ ಸೇವೆ (ಸಂಬಳ ಲೆಕ್ಕ ಹಾಕಿ, ತೆರಿಗೆ ಹಿಡಿದು ಕಟ್ಟುವ ಆನ್‌ಲೈನ್ ಸೇವೆ) ಬಳಸುತ್ತಿದ್ದೇನೆ. ಅದರ ಹೆಸರು ಬರೆಯುವುದಿಲ್ಲ. ನೌಕರರೊಬ್ಬರು ಬೇರೆ ರಾಜ್ಯಕ್ಕೆ ಹೋದಾಗ ನನಗಾದ ತೊಂದರೆ ಬೇರೆ ಕಂಪನಿಗಳ ಸೇವೆಯಲ್ಲೂ ಇರಬಹುದು. ನೀವು ಯಾವುದನ್ನು ಬಳಸುತ್ತಿದ್ದರೂ ಒಮ್ಮೆ ತೆಗೆದು ನೋಡಿಕೊಳ್ಳಿ ಅಂತ ಬರೆಯುತ್ತಿದ್ದೇನೆ. ಬೆಲೆ, ಪ್ಲಾನ್, ಫೀಚರ್ ಪಟ್ಟಿ ಎಲ್ಲ ಅವರವರ ಸೈಟಿನಲ್ಲೇ ಸಿಗುತ್ತೆ, ಅದು ಇಲ್ಲಿ ಬೇಡ.

ಮೊದಲು ಇಷ್ಟವಾದದ್ದನ್ನು ಹೇಳಿಬಿಡುತ್ತೇನೆ. ಎರಡು ವಾರಕ್ಕೊಮ್ಮೆ ಶುಕ್ರವಾರ ನಮ್ಮಲ್ಲಿ ಸಂಬಳ. ಅದಕ್ಕೆ ಮೊದಲ ಮಂಗಳವಾರ ರಾತ್ರಿ, ಊಟ ಮುಗಿಸಿ ಪಾತ್ರೆ ಎತ್ತಿಟ್ಟ ಮೇಲೆ, ಅಡುಗೆಮನೆಯ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತೇನೆ. ಬೆಳಗಿನ ಡಿಕಾಕ್ಷನ್ ಉಳಿದಿದ್ದರೆ ಅರ್ಧ ಲೋಟ ಕಾಫಿ. ಗಂಟೆ ಲೆಕ್ಕದಲ್ಲಿ ಕೆಲಸ ಮಾಡುವ ಇಬ್ಬರ ಗಂಟೆಗಳನ್ನು ಡೈರಿ ನೋಡಿ ತುಂಬಿಸುತ್ತೇನೆ. ಆಮೇಲೆ ಏಳೂ ಹೆಸರಿನ ಮುಂದೆ ಕೈಗೆ ಬರುವ ಮೊತ್ತವನ್ನು ಹೋದ ಸಲದ ಪ್ರಿಂಟ್ ಜೊತೆ ಇಟ್ಟು ನೋಡಿ, ಪೆನ್ಸಿಲ್‌ನಲ್ಲಿ ಒಂದೊಂದು ಟಿಕ್ ಹಾಕಿ, ಕೊನೆಗೆ ಬಟನ್ ಒತ್ತುತ್ತೇನೆ. ಇಷ್ಟಕ್ಕೆಲ್ಲ ಸೇರಿ ಹದಿನೈದು ನಿಮಿಷ. ನಮ್ಮ ಮನೆಯವರು ‘ಪ್ರಿಂಟ್ ಯಾಕೆ, ಸ್ಕ್ರೀನ್ ಮೇಲೇ ಇದೆಯಲ್ಲ’ ಅನ್ನುತ್ತಾರೆ. ನನಗೆ ಕಾಗದವೇ ಬೇಕು. ನನ್ನ ಅಪ್ಪ ಶಿವಮೊಗ್ಗದಲ್ಲಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಶನಿವಾರದ ಬಟವಾಡೆ ದಿನ ಹಮಾಲರ ಕೂಲಿಯನ್ನು ಎರಡು ಸಲ ಎಣಿಸಿ, ಮೂರನೇ ಸಲ ಅವರ ಎದುರೇ ಎಣಿಸಿ ಕೊಡುತ್ತಿದ್ದರು. ಬಟವಾಡೆ ಅಂದರೆ ನನ್ನ ಮನಸ್ಸಿನಲ್ಲಿ ಇವತ್ತಿಗೂ ಅದೇ ಚಿತ್ರ.

ಮೂರು ವರ್ಷ ಈ ಸೇವೆ ಒಂದು ದಿನವೂ ಕೈಕೊಡಲಿಲ್ಲ. ಒಂದು ವಿಷಯ ಒಪ್ಪಬೇಕು, ಟೆಕ್ಸಸ್‌ನಲ್ಲಿ ಪೇರೋಲ್ ಸುಲಭ. ರಾಜ್ಯದ ಆದಾಯ ತೆರಿಗೆ ಇಲ್ಲ, ಹಾಗಾಗಿ ಸಂಬಳದಲ್ಲಿ ರಾಜ್ಯಕ್ಕೆ ಹಿಡಿಯುವುದು ಏನೂ ಇಲ್ಲ. ಟೆಕ್ಸಸ್ ವರ್ಕ್‌ಫೋರ್ಸ್ ಕಮಿಷನ್‌ಗೆ ನಿರುದ್ಯೋಗ ತೆರಿಗೆ ಕಟ್ಟಬೇಕು, ಅದೂ ಮಾಲೀಕರ ಕೈಯಿಂದ, ಒಬ್ಬೊಬ್ಬರಿಗೆ ವರ್ಷದ ಮೊದಲ 9,000 ಡಾಲರ್ ಸಂಬಳದ ಮೇಲೆ ಮಾತ್ರ. ಮೂರು ತಿಂಗಳಿಗೊಮ್ಮೆ ಅವರೇ ಫೈಲ್ ಮಾಡುತ್ತಿದ್ದರು, ನನಗೆ ಒಂದು ಇಮೇಲ್ ಬರುತ್ತಿತ್ತು, ಅಷ್ಟೇ.

2024ರ ಜೂನ್‌ನಲ್ಲಿ ನಮ್ಮ ಜೊತೆ ಶುರುವಿನಿಂದಲೂ ಇರುವ ಒಬ್ಬ ಹುಡುಗಿ, ದಾವಣಗೆರೆಯವಳು, ಗಂಡನಿಗೆ ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಸಿಕ್ಕಿತು ಅಂತ ಹೊರಟಳು. ಅವಳನ್ನು ಬಿಡುವ ಮನಸ್ಸು ನನಗಿರಲಿಲ್ಲ. ‘ಅಲ್ಲಿಂದಲೇ ಮಾಡು’ ಅಂದೆ. ಒಬ್ಬಳೇ ಒಬ್ಬಳು ಮನೆಯಲ್ಲಿ ಕೂತು ಕೆಲಸ ಮಾಡಿದರೂ ಆ ರಾಜ್ಯದಲ್ಲಿ ನಾವು ಮಾಲೀಕರು ಅಂತ ನೋಂದಾಯಿಸಿಕೊಳ್ಳಬೇಕು. ಪೆನ್ಸಿಲ್ವೇನಿಯಾದಲ್ಲಿ ಸಂಬಳದಿಂದ ರಾಜ್ಯದ ಆದಾಯ ತೆರಿಗೆ ಶೇ 3.07 ಹಿಡಿಯಬೇಕು, ಅದಕ್ಕೊಂದು ಖಾತೆ. ನಿರುದ್ಯೋಗ ವಿಮೆಯ ತೆರಿಗೆಗೆ ಇನ್ನೊಂದು ಖಾತೆ. ಆ್ಯಪ್‌ನಲ್ಲಿ ಅವಳ ವಿಳಾಸ ಬದಲಿಸಿದ ಕೂಡಲೇ ‘ಹೊಸ ರಾಜ್ಯದಲ್ಲಿ ನೋಂದಣಿ ನಾವೇ ಮಾಡಿಕೊಡುತ್ತೇವೆ’ ಅಂತ ಬಂತು. ಇನ್ನೂರೈವತ್ತು ಡಾಲರ್‌ಗೆ ಸ್ವಲ್ಪ ಕಡಿಮೆ. ನಮ್ಮಂಥ ಸಣ್ಣ ಕಂಪನಿಗೆ ಅದು ಕಡಿಮೆ ದುಡ್ಡೇನಲ್ಲ, ಆದರೆ ಗೊತ್ತಿಲ್ಲದ ರಾಜ್ಯ, ತಪ್ಪಾದರೆ ಇನ್ನೂ ಜಾಸ್ತಿ ಖರ್ಚು ಅಂತ ಕೊಟ್ಟೆ.

ಎರಡು ವಾರದಲ್ಲಿ ಎರಡೂ ಖಾತೆ ನಂಬರ್ ಬಂದವು. ಪರದೆ ಮೇಲೆ ಹಸಿರು ಟಿಕ್, ‘ಪೆನ್ಸಿಲ್ವೇನಿಯಾ: ನೋಂದಣಿ ಪೂರ್ಣ’. ನಾನು ಆ ಟಿಕ್ ನಂಬಿದೆ. ಜುಲೈ 12ಕ್ಕೆ ಅವಳ ಮೊದಲ ಪೆನ್ಸಿಲ್ವೇನಿಯಾ ಸಂಬಳ ಹೋಯಿತು.

ನವೆಂಬರ್ ಮೊದಲ ವಾರ ಅವಳು ಫೋನ್ ಮಾಡಿದಳು.

‘ಅಕ್ಕಾ, ಒಂದು ಮಾತು ಕೇಳಲಾ? ತಪ್ಪು ತಿಳ್ಕೋಬೇಡಿ.’

‘ಹೇಳಮ್ಮ.’

‘ಪಕ್ಕದ ಮನೆಯವರು ಹೇಳ್ತಿದ್ರು, ನಾವಿರೋದು ಸಿಟಿ ಅಲ್ವಂತೆ, ಟೌನ್‌ಶಿಪ್ ಅಂತೆ. ಅವರಿಗೆ ಲೋಕಲ್ ಟ್ಯಾಕ್ಸ್ ಶೇಕಡಾ ಒಂದೇ ಅಂತೆ. ನಂಗೆ ಮೂರು ಹೋಗ್ತಿದೆ.’

ಅವಳ ಪೇ ಸ್ಲಿಪ್ ತೆಗೆದೆ. ಎರಡು ವಾರದ ಸಂಬಳ 2,400 ಡಾಲರ್. ರಾಜ್ಯದ ತೆರಿಗೆ 73.68, ಸರಿ ಇದೆ. ನಿರುದ್ಯೋಗ ವಿಮೆಗೆ ನೌಕರರ ಪಾಲು ಶೇ 0.07, ಅಂದರೆ 1.68, ಅದೂ ಸರಿ. ಲೋಕಲ್ ಸರ್ವಿಸಸ್ ಟ್ಯಾಕ್ಸ್ 2.00. ಇದು ವರ್ಷಕ್ಕೆ 52 ಡಾಲರ್, ಬೆಂಗಳೂರಿನಲ್ಲಿ ಕೆಲಸ ಮಾಡಿದ್ದಾಗ ನನ್ನ ಸ್ಲಿಪ್‌ನಲ್ಲಿ ತಿಂಗಳಿಗೆ 200 ರೂಪಾಯಿ ಪ್ರೊಫೆಷನಲ್ ಟ್ಯಾಕ್ಸ್ ಇರುತ್ತಿತ್ತಲ್ಲ, ಆ ಥರದ್ದು. ಅದರ ಕೆಳಗೆ ಸ್ಥಳೀಯ ಆದಾಯ ತೆರಿಗೆ, 72.00. ಪಕ್ಕದಲ್ಲಿ ‘ಪಿಟ್ಸ್‌ಬರ್ಗ್ ನಗರ’ ಅಂತ ಬರೆದಿತ್ತು.

ಪೆನ್ಸಿಲ್ವೇನಿಯಾದಲ್ಲಿ ರಾಜ್ಯದ ಕೆಳಗೆ ಊರೂರಿನ ಆದಾಯ ತೆರಿಗೆ ಇದೆ. ಪಿಟ್ಸ್‌ಬರ್ಗ್ ನಗರದಲ್ಲಿ ಇರುವವರಿಗೆ ಶೇ 3, ಅದರಲ್ಲಿ ಶೇ 1 ನಗರಕ್ಕೆ, ಶೇ 2 ಶಾಲಾ ಜಿಲ್ಲೆಗೆ. ನಗರ ದಾಟಿದರೆ ಎಷ್ಟೋ ಟೌನ್‌ಶಿಪ್‌ಗಳಲ್ಲಿ ಶೇ 1 ಮಾತ್ರ. ತೊಂದರೆ ಏನೆಂದರೆ ಆ ಟೌನ್‌ಶಿಪ್‌ಗಳ ಅಂಚೆ ವಿಳಾಸದಲ್ಲೂ ‘ಪಿಟ್ಸ್‌ಬರ್ಗ್’ ಅಂತಲೇ ಇರುತ್ತೆ. ಬೆಂಗಳೂರಿನ ಪಿನ್‌ಕೋಡ್ ಹಾಕಿಕೊಂಡು ಪಂಚಾಯ್ತಿಗೆ ಕಂದಾಯ ಕಟ್ಟುವ ಬಡಾವಣೆಗಳಿವೆಯಲ್ಲ, ಹಾಗೆ. ಪಿಟ್ಸ್‌ಬರ್ಗ್ ಇರುವ ಅಲೆಗೇನಿ ಕೌಂಟಿಯೊಂದರಲ್ಲೇ 130 ಊರಾಡಳಿತಗಳಿವೆ, ನಾಲ್ಕು ತೆರಿಗೆ ವಸೂಲಿ ವಲಯಗಳಿವೆ. ನಾನು ದುಡ್ಡು ಕೊಟ್ಟ ಸಾಫ್ಟ್‌ವೇರ್ ಅದನ್ನೆಲ್ಲ ನೋಡದೆ ವಿಳಾಸದಲ್ಲಿದ್ದ ಊರಿನ ಹೆಸರನ್ನು ಎತ್ತಿಕೊಂಡು ಮೂರು ಪರ್ಸೆಂಟ್ ಹಿಡಿಯಲು ಶುರು ಮಾಡಿತ್ತು. ಲೋಕಲ್ ಸರ್ವಿಸಸ್ ಟ್ಯಾಕ್ಸ್‌ನ ಆ ಎರಡು ಡಾಲರ್ ಕೂಡ ತಪ್ಪು ಊರಿಗೇ ಹೋಗಿತ್ತು.

ಒಂದು ಸಂಬಳಕ್ಕೆ 48 ಡಾಲರ್ ಜಾಸ್ತಿ. ಒಂಬತ್ತು ಸಂಬಳ. 432 ಡಾಲರ್.

‘ಯಾವಾಗ ಗೊತ್ತಾಯ್ತು?’ ಅಂತ ಕೇಳಿದೆ. ಎರಡನೇ ಸಂಬಳದಲ್ಲೇ ಜಾಸ್ತಿ ಅನ್ನಿಸಿತ್ತಂತೆ. ‘ಹೊಸ ರಾಜ್ಯ, ಇಷ್ಟೇ ಹಿಡೀತಾರೇನೋ ಅಂದ್ಕೊಂಡೆ ಅಕ್ಕಾ. ನೀವು ಇಷ್ಟು ದೂರದಿಂದ ಕೆಲಸ ಉಳಿಸಿಕೊಟ್ಟಿದ್ದೀರಿ, ಇದನ್ನೆಲ್ಲ ಹೇಗೆ ಕೇಳೋದು ಅಂತ ಸುಮ್ನಿದ್ದೆ.’

ಈ ವಿಮರ್ಶೆ ಬರೆಯಲು ಕಾರಣವೇ ಆ ಮಾತು. ನನ್ನ ಕೈಕೆಳಗೆ ಕೆಲಸ ಮಾಡುವವಳ ಸಂಬಳದಲ್ಲಿ ಕಡಿಮೆ ಬೀಳುತ್ತಿದೆ, ಅವಳು ಸಂಕೋಚದಿಂದ ಮೂರು ತಿಂಗಳು ಬಾಯಿ ಬಿಡದೆ ಇದ್ದಾಳೆ, ನಾನು ಮಂಗಳವಾರ ಮಂಗಳವಾರ ಪೆನ್ಸಿಲ್ ಟಿಕ್ ಹಾಕಿ ಕಳಿಸುತ್ತಿದ್ದೇನೆ. ಹೋದ ಸಲದ ಮೊತ್ತದ ಜೊತೆ ನೋಡುತ್ತಿದ್ದೆ ನಿಜ. ಆದರೆ ಹೋದ ಸಲವೂ ತಪ್ಪಾಗಿಯೇ ಇತ್ತಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವಳೇ 432 ಡಾಲರನ್ನು ಕಂಪನಿ ಖಾತೆಯಿಂದ ಅವಳಿಗೆ ಕೊಟ್ಟೆ. ನಮಗೆ ವಾಪಸ್ ಬಂದಾಗ ಬರಲಿ, ಅವಳು ಕಾಯುವುದು ಬೇಡ.

ಆಮೇಲೆ ಸಪೋರ್ಟ್ ಜೊತೆ ಶುರುವಾಯಿತು. ಚಾಟ್‌ನಲ್ಲಿ ಮೊದಲು ಯಂತ್ರ, ಆಮೇಲೆ ಮೂವರು ಮನುಷ್ಯರು, ಮೂವರೂ ಮತ್ತೆ ಮೊದಲಿನಿಂದ ವಿಳಾಸ ಕೇಳಿದರು. ಮೂರನೆಯವರು ಹೇಳಿದ್ದು: ನೋಂದಣಿ ಸೇವೆ ರಾಜ್ಯದ ಮಟ್ಟದ್ದು ಮಾತ್ರ, ಸ್ಥಳೀಯ ತೆರಿಗೆ ಅದರಲ್ಲಿ ಬರುವುದಿಲ್ಲ, ಊರು ಸರಿಯಿದೆಯಾ ಅಂತ ನೋಡಿಕೊಳ್ಳುವುದು ಗ್ರಾಹಕರ ಜವಾಬ್ದಾರಿ. ಷರತ್ತು ತೆಗೆದು ನೋಡಿದರೆ ಹಾಗೇ ಬರೆದಿದೆ, ನಾಲ್ಕನೇ ಪುಟದಲ್ಲಿ. ಸರಿ, ಬರುವುದಿಲ್ಲ ಅಂದಮೇಲೆ ಊರನ್ನು ಆರಿಸಿ ಹಿಡಿಯಲು ಶುರು ಮಾಡಿದ್ದು ಯಾರು? ‘ಪೂರ್ಣ’ ಅನ್ನುವ ಬದಲು ‘ಸ್ಥಳೀಯ ತೆರಿಗೆ ನೀವೇ ನೋಡಿ’ ಅಂತ ಅಲ್ಲೇ ಒಂದು ಸಾಲು ಹಾಕಿದ್ದರೆ ಅವಳ 48 ಡಾಲರ್ ಎರಡನೇ ಸಲ ಹೋಗುತ್ತಿರಲಿಲ್ಲ.

ಅವತ್ತು ಸಂಜೆ ನಾನೇ ಹುಡುಕಲು ಕೂತೆ. ಪೆನ್ಸಿಲ್ವೇನಿಯಾದ ಸಮುದಾಯ ಮತ್ತು ಆರ್ಥಿಕ ಅಭಿವೃದ್ಧಿ ಇಲಾಖೆಯ ಸೈಟಿನಲ್ಲಿ ವಿಳಾಸ ಹಾಕುವ ಒಂದು ಪುಟ ಇದೆ. ಲಾಗಿನ್ ಇಲ್ಲ, ದುಡ್ಡಿಲ್ಲ. ಮನೆ ನಂಬರ್, ರಸ್ತೆ, ಪಿನ್ ಹಾಕಿದೆ. ಅರ್ಧ ನಿಮಿಷದಲ್ಲಿ ಟೌನ್‌ಶಿಪ್ ಹೆಸರು, ಶಾಲಾ ಜಿಲ್ಲೆ, ತೆರಿಗೆ ದರ ಶೇ 1, ಯಾರಿಗೆ ಕಟ್ಟಬೇಕು ಅನ್ನುವುದು, ಜೊತೆಗೆ ಪಿಎಸ್‌ಡಿ ಕೋಡ್ ಅಂತ ಆರು ಅಂಕಿ. ಮೊದಲ ಎರಡು ಅಂಕಿ ವಸೂಲಿ ವಲಯ, ಮುಂದಿನ ಎರಡು ಶಾಲಾ ಜಿಲ್ಲೆ, ಕೊನೆಯ ಎರಡು ಊರು. ನೌಕರರಿಂದ ಸಹಿ ಹಾಕಿಸಿ ಇಟ್ಟುಕೊಳ್ಳಬೇಕಾದ ವಾಸಸ್ಥಳದ ಪ್ರಮಾಣಪತ್ರವನ್ನೂ ಅಲ್ಲೇ ಇಟ್ಟಿದ್ದಾರೆ. ಅದನ್ನು ಜುಲೈನಲ್ಲೇ ನಾನು ತೆಗೆದುಕೊಳ್ಳಬೇಕಿತ್ತು, ಯಾರೂ ಹೇಳಿರಲಿಲ್ಲ. ಆ ಪುಟ ನೋಡಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ಪ್ರಿಂಟ್ ತೆಗೆದು ಫೈಲಿಗೆ ಹಾಕಿಟ್ಟಿದ್ದೇನೆ. ಪೆನ್ಸಿಲ್ವೇನಿಯಾದಲ್ಲಿ ಯಾರನ್ನಾದರೂ ಕೆಲಸಕ್ಕಿಟ್ಟುಕೊಳ್ಳುತ್ತಿದ್ದರೆ ಮೊದಲು ಅಲ್ಲಿಗೆ ಹೋಗಿ.

ಇನ್ನೂ ಎರಡು ವಿಷಯ ಆ ಹಸಿರು ಟಿಕ್ ಹೇಳಲಿಲ್ಲ. ನಿರುದ್ಯೋಗ ತೆರಿಗೆಯ ದರ ಅಂಚೆಯಲ್ಲಿ ನಮ್ಮ ಆಫೀಸಿಗೆ ಬಂತು. ಆ ವರ್ಷ ಹೊಸ ಮಾಲೀಕರಿಗೆ, ಕಟ್ಟಡ ಕೆಲಸದವರನ್ನು ಬಿಟ್ಟು, ಶೇ 3.822, ಮೊದಲ 10,000 ಡಾಲರ್ ಮೇಲೆ. ಕಾಗದ ನೋಡಿ ನಾನೇ ಆ್ಯಪ್‌ನಲ್ಲಿ ಹಾಕಬೇಕಿತ್ತು, ಆ್ಯಪ್ ಕೇಳಲೇ ಇಲ್ಲ. ಆಮೇಲೆ ವರ್ಕರ್ಸ್ ಕಾಂಪ್ ವಿಮೆ, ಅಂದರೆ ಕೆಲಸದಲ್ಲಿ ಗಾಯವಾದರೆ ನೌಕರರಿಗೆ ಪರಿಹಾರ ಕೊಡುವ ವಿಮೆ. ಟೆಕ್ಸಸ್‌ನಲ್ಲಿ ಖಾಸಗಿ ಕಂಪನಿಗೆ ಅದು ಕಡ್ಡಾಯ ಅಲ್ಲ. ಪೆನ್ಸಿಲ್ವೇನಿಯಾದಲ್ಲಿ ಕಡ್ಡಾಯ, ಒಬ್ಬರೇ ಇದ್ದರೂ. ಇದನ್ನು ತಿಳಿಸಿದ್ದು ನಮ್ಮ ಇನ್ಶೂರೆನ್ಸ್ ಏಜೆಂಟ್, ಪುಣ್ಯಕ್ಕೆ ಮೊದಲ ವಾರದಲ್ಲೇ.

ಇಷ್ಟೆಲ್ಲ ಆದ ಮೇಲೆ ಸೇವೆ ಬಿಟ್ಟೇಬಿಡುತ್ತೇನೆ ಅಂತಿದ್ದೆ. ಬಿಡದೇ ಇರಲು ಒಬ್ಬರೇ ಕಾರಣ. ಅವರ ತೆರಿಗೆ ತಿದ್ದುಪಡಿ ವಿಭಾಗದಿಂದ ಒಬ್ಬ ಹೆಂಗಸು ತಾವಾಗಿ ಫೋನ್ ಮಾಡಿದರು. ಐವತ್ತು ನಿಮಿಷ ಮಾತಾಡಿದರು. ಮೊದಲು ಕ್ಷಮೆ ಕೇಳಿದರು. ಆಮೇಲೆ ಇಬ್ಬರೂ ಅದೇ ರಾಜ್ಯದ ಪುಟ ತೆರೆದು ಆರು ಅಂಕಿಯನ್ನು ಒಂದೊಂದಾಗಿ ಓದಿದೆವು, ನಾನು ಓದುವುದು, ಅವರು ಹಾಕುವುದು, ಮತ್ತೆ ಅವರು ಓದುವುದು, ನಾನು ನೋಡುವುದು. ಅಪ್ಪ ಮಂಡಿಯಲ್ಲಿ ಎಣಿಸುತ್ತಿದ್ದ ಹಾಗೇ ಅನ್ನಿಸಿತು. ಅಕ್ಟೋಬರ್‌ನಿಂದ ಈಚಿನ ಮೂರು ಸಂಬಳದ್ದು ಮುಂದಿನ ಪೇರೋಲ್‌ನಲ್ಲೇ ಸರಿಹೋಯಿತು. ಅದಕ್ಕೆ ಮುಂಚಿನ ಆರು ಸಂಬಳದ್ದು, ಮೂರನೇ ತ್ರೈಮಾಸಿಕ ಆಗಲೇ ಫೈಲ್ ಆಗಿದ್ದರಿಂದ, ತಿದ್ದುಪಡಿ ರಿಟರ್ನ್ ಹಾಕಬೇಕಾಯಿತು, ಅದನ್ನು ಅವರೇ ಹಾಕಿದರು. ಟೌನ್‌ಶಿಪ್‌ಗೆ ತಡವಾಗಿ ಕಟ್ಟಿದ್ದಕ್ಕೆ ಬಿದ್ದ ಬಡ್ಡಿಯನ್ನೂ ಆ ಪೇರೋಲ್ ಕಂಪನಿಯೇ ಕೊಟ್ಟಿತು. ನಗರದಿಂದ ಬರಬೇಕಾದ ದುಡ್ಡು 2025ರ ಫೆಬ್ರವರಿಯಲ್ಲಿ ಬಂತು.

ಜನವರಿಯಲ್ಲಿ ಅವಳ ಡಬ್ಲ್ಯೂ-2 (ವರ್ಷದ ಸಂಬಳ, ಹಿಡಿದ ತೆರಿಗೆ ತೋರಿಸುವ ಫಾರ್ಮ್) ಬಂದಾಗ ನಾನು ಮೊದಲು ನೋಡಿದ್ದು ಕೆಳಗಿನ ಸಾಲು. 18ನೇ ಬಾಕ್ಸ್‌ನಲ್ಲಿ ಸಂಬಳ 31,200. 19ರಲ್ಲಿ ಸ್ಥಳೀಯ ತೆರಿಗೆ 312. 20ರಲ್ಲಿ ಟೌನ್‌ಶಿಪ್ ಹೆಸರು. ಫೋಟೋ ತೆಗೆದು ಅವಳಿಗೆ ಕಳಿಸಿದೆ. ‘ಈಗ ಸರಿಯಾಯ್ತು ಅಕ್ಕಾ’ ಅಂತ ಬರೆದಳು.

ಈ ವರ್ಷ ಇನ್ನೊಬ್ಬರು ಫ್ಲೋರಿಡಾಗೆ ಹೋದರು. ಆ್ಯಪ್ ಮತ್ತೆ ಅದೇ ನೋಂದಣಿ ಸೇವೆ ಕೊಡಲು ಬಂತು. ಬೇಡ ಅಂದು ನಾನೇ ಕೂತೆ. ಫ್ಲೋರಿಡಾದಲ್ಲೂ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ನಿರುದ್ಯೋಗ ತೆರಿಗೆಗೆ ಅಲ್ಲಿ ‘ರೀಎಂಪ್ಲಾಯ್‌ಮೆಂಟ್ ಟ್ಯಾಕ್ಸ್’ ಅಂತ ಹೆಸರು, ಅದನ್ನು ನೋಡಿಕೊಳ್ಳುವುದು ಕಂದಾಯ ಇಲಾಖೆ. ಹೊಸಬರಿಗೆ ಶೇ 2.7, ಮೊದಲ 7,000 ಡಾಲರ್ ಮೇಲೆ, ಅಂದರೆ ಒಬ್ಬರಿಗೆ ವರ್ಷಕ್ಕೆ ಹೆಚ್ಚೆಂದರೆ 189 ಡಾಲರ್. ಕಂಪನಿಯ ಇಐಎನ್ (ಮಾಲೀಕರ ತೆರಿಗೆ ನಂಬರ್), ಶುರುವಾದ ತಾರೀಕು, ಮೊದಲ ಸಂಬಳದ ತಾರೀಕು, ಮಾಲೀಕರ ವಿವರ, ಇಷ್ಟು ಕೈಯಲ್ಲಿಟ್ಟುಕೊಂಡು ಕೂತರೆ ಒಂದು ಸಂಜೆಯ ಕೆಲಸ. ಒಂದು ಪೈಸೆ ಫೀಸ್ ಇಲ್ಲ. ಪೆನ್ಸಿಲ್ವೇನಿಯಾದಲ್ಲೂ ತೆರಿಗೆ ನೋಂದಣಿಗೆ ರಾಜ್ಯ ಏನೂ ತೆಗೆದುಕೊಳ್ಳುವುದಿಲ್ಲ, ಆನ್‌ಲೈನ್‌ನಲ್ಲೇ ಮಾಡಬಹುದು. ನಾನು ಕೊಟ್ಟ ದುಡ್ಡೆಲ್ಲ ಫಾರ್ಮ್ ತುಂಬಿದ ಕೂಲಿ. ಆ ಕೂಲಿ ಕೊಡುವುದು ತಪ್ಪು ಅನ್ನುತ್ತಿಲ್ಲ. ಇಪ್ಪತ್ತು ರಾಜ್ಯದಲ್ಲಿ ಜನ ಇದ್ದರೆ ಬೇಕೇ ಬೇಕು. ಒಂದೋ ಎರಡೋ ರಾಜ್ಯ ಇರುವ ನನ್ನಂಥವರು ಆ ದುಡ್ಡನ್ನು ಸಿಪಿಎ (ಲೆಕ್ಕಪರಿಶೋಧಕರು) ಜೊತೆ ಒಂದು ಗಂಟೆ ಕೂರಲು ಖರ್ಚು ಮಾಡಬಹುದು, ಕೇಳಬೇಕಾದ ಪ್ರಶ್ನೆ ಏನು ಅಂತ ಅವರು ಹೇಳುತ್ತಾರೆ.

ಸಂಬಳ ಹಾಕುವ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೊಸ ರಾಜ್ಯದ ನೋಂದಣಿಗೆ ಎರಡು, ಅದರಲ್ಲಿ ಒಂದು ಪೂರ್ತಿ ಆ ಫೋನ್ ಮಾಡಿದ ಹೆಂಗಸಿಗೆ. ಪ್ಲಾನ್ ಮುಂದುವರಿಸಿದ್ದೇನೆ. ಮಂಗಳವಾರ ರಾತ್ರಿ ಟಿಕ್ ಹಾಕುವಾಗ ಈಗ ಕೈಗೆ ಬರುವ ಮೊತ್ತದ ಪಕ್ಕದಲ್ಲೇ ತೆರಿಗೆ ಹಿಡಿದ ಪ್ರತಿ ಸಾಲನ್ನೂ, ಊರಿನ ಹೆಸರನ್ನೂ ಓದುತ್ತೇನೆ. ಹದಿನೈದು ನಿಮಿಷದ ಕೆಲಸ ಇಪ್ಪತ್ತೈದಾಗಿದೆ. ಯಾರಾದರೂ ಮನೆ ಬದಲಿಸಿದರೆ, ಅದೇ ಬೀದಿಯ ಆಚೆ ಬದಿಗೆ ಹೋದರೂ ಸರಿ, ಮೊದಲು ನನಗೊಂದು ಫೋನ್ ಮಾಡಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೇನೆ.