ಪೂರ್ತಿ ಕೂತು ಕೇಳೋಕೆ ಯಾವುದು: ‘ಲೈಲಾ’ನೋ, ‘ಫಿಲ್‌ಮೋರ್ ಈಸ್ಟ್’ಓ?

ಬ್ಲೂಸ್ ರಾಕ್‌ನ ಹಳೇ ಆಲ್ಬಂ ಒಂದನ್ನು ಮೊದಲಿಂದ ಕೊನೆಯವರೆಗೆ ಕೇಳಬೇಕು ಅಂತಿದ್ದರೆ ನಾನು ಹೇಳೋದು ಈ ಎರಡನ್ನೇ. ಡೆರೆಕ್ ಅಂಡ್ ದ ಡಾಮಿನೋಸ್‌ನ ‘ಲೈಲಾ’ (1970), ಇಲ್ಲವೇ ಆಲ್ಮನ್ ಬ್ರದರ್ಸ್ ಬ್ಯಾಂಡ್‌ನ ‘ಅಟ್ ಫಿಲ್‌ಮೋರ್ ಈಸ್ಟ್’ (1971). ಎರಡೂ ಡಬಲ್ ಆಲ್ಬಂ, ಅಂದರೆ ಎರಡು ತಟ್ಟೆಯವು. ಎರಡರಲ್ಲೂ ಡ್ವೇನ್ ಆಲ್ಮನ್ ಅವರ ಸ್ಲೈಡ್ ಗಿಟಾರ್ (ಬೆರಳಿಗೆ ಕೊಳವೆ ಹಾಕಿ ತಂತಿ ಮೇಲೆ ಜಾರಿಸಿ ನುಡಿಸೋದು) ಇದೆ.

‘ಲೈಲಾ’ ಮಯಾಮಿಯ ಸ್ಟುಡಿಯೋದಲ್ಲಿ ಆದದ್ದು, 14 ಹಾಡು. ಮೊದಲ ಮೂರರಲ್ಲಿ ಡ್ವೇನ್ ಇಲ್ಲ, ಗಿಟಾರ್ ಪೂರ್ತಿ ಬ್ಯಾಂಡ್‌ನ ನಾಯಕ ಎರಿಕ್ ಕ್ಲಾಪ್ಟನ್‌ದು. ನಾಲ್ಕನೇ ಹಾಡಿಗೆ ಡ್ವೇನ್ ಬಂದ ಮೇಲೆ ಸದ್ದಿನ ಮೈಕಟ್ಟೇ ಬದಲಾಗುತ್ತದೆ. ಮಧ್ಯದಿಂದ ಕೇಳಿದರೆ ಇದು ಗೊತ್ತಾಗುವುದಿಲ್ಲ. ಎಲ್ಲರಿಗೂ ಗೊತ್ತಿರುವ ‘ಲೈಲಾ’ ಹಾಡು ಬರೋದು 13ನೆಯದಾಗಿ. ಅಷ್ಟು ಹೊತ್ತಿನ ಪ್ರೇಮದ ಸಂಕಟ ಕೇಳಿದ ಮೇಲೆ ಅದರ ಪಿಯಾನೋ ಭಾಗ ಬೇರೆಯೇ ಅನಿಸುತ್ತದೆ.

‘ಫಿಲ್‌ಮೋರ್’ ನ್ಯೂಯಾರ್ಕ್‌ನ ಲೈವ್ ರೆಕಾರ್ಡಿಂಗ್. ಹಾಡು ಏಳೇ, ಮಾತು ಕಮ್ಮಿ, ನುಡಿಸೋದು ಜಾಸ್ತಿ. ಕೊನೆಯ ‘ವಿಪ್ಪಿಂಗ್ ಪೋಸ್ಟ್’ ಒಂದೇ ಸುಮಾರು 23 ನಿಮಿಷ. ಶುರುವಿನಲ್ಲಿ ಬೇಸ್ ಗಿಟಾರ್ ಜೊತೆ ತಾಳದ ಪೆಟ್ಟು ಎಣಿಸಿ ನೋಡಿ: ಮೂರು, ಮೂರು, ಮೂರು, ಎರಡು. ಹನ್ನೊಂದು!

ಸಾಹಿತ್ಯ ಮನಸ್ಸಿಗೆ ನಾಟಬೇಕು ಅನ್ನುವವರಿಗೆ ‘ಲೈಲಾ’. ವಾದ್ಯದ ಹುಚ್ಚಿದ್ದರೆ ಯೋಚನೆಯೇ ಬೇಡ, ‘ಫಿಲ್‌ಮೋರ್’. ನನ್ನ ಓಟೂ ಅದಕ್ಕೇ. ಆದರೆ ಹಾಡು ಸೇರಿಸಿ ಉದ್ದ ಮಾಡಿದ ಹೊಸ ಆವೃತ್ತಿ ಬೇಡ, ಏಳು ಹಾಡಿನ ಮೂಲವನ್ನೇ ಹುಡುಕಿ. ‘ಲೈಲಾ’ ಒಂದೇ ಸಲಕ್ಕೆ ಜಾಸ್ತಿಯಾದರೆ ಏಳನೇ ಹಾಡಿಗೆ ನಿಲ್ಲಿಸಿ. ಹಳೇ ಎಲ್‌ಪಿಯಲ್ಲೂ ಮೊದಲ ತಟ್ಟೆ ಮುಗಿಯೋದು ಅಲ್ಲೇ.