ಗ್ಯಾಸ್ ಇಲ್ಲದ ಬಚ್ಚಲಿಗೆ ಯಾವ ಗೀಸರ್?

ಹಂಡೆ ಒಲೆಯೂ ಇಲ್ಲ, ಗ್ಯಾಸ್ ಗೀಸರ್ ಇಡುವಂತೆಯೂ ಇಲ್ಲ ಎಂಬ ಮನೆಗೆ ಅಂಗಡಿಯಲ್ಲಿ ಮೂರು ದಾರಿ ತೋರಿಸುತ್ತಾರೆ: ಬಕೆಟ್‌ಗೆ ಇಳಿಬಿಡುವ 1500 ವ್ಯಾಟ್ ಕಾಯಿಲ್, 3 ಲೀಟರ್ ಇನ್‌ಸ್ಟಂಟ್ ಗೀಸರ್, 15 ಲೀಟರ್ ಸ್ಟೋರೇಜ್ ಗೀಸರ್. ಯಾವುದು ಕರೆಂಟ್ ಕಮ್ಮಿ ಎಳೆಯುತ್ತೆ ಎಂದೇ ಎಲ್ಲರೂ ಕೇಳುವುದು. ಲೆಕ್ಕ ಹಾಕಿದರೆ ಮೂರೂ ಹೆಚ್ಚುಕಮ್ಮಿ ಒಂದೇ. 20 ಡಿಗ್ರಿಯ 15 ಲೀಟರ್ ನೀರು 40 ಡಿಗ್ರಿಗೆ ಬರಲು 0.35 ಯೂನಿಟ್ ಬೇಕೇ ಬೇಕು. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಬಕೆಟ್ ಸ್ನಾನಕ್ಕೆ ಎರಡು ರೂಪಾಯಿ ಚಿಲ್ಲರೆ. ನಿಮಿಷಕ್ಕೆ 8 ಲೀಟರ್ ಸುರಿಯುವ ಶವರ್ ಕೆಳಗೆ ಐದು ನಿಮಿಷ ನಿಂತರೆ ಅದೇ ಖರ್ಚು ಎರಡೂವರೆ ಪಟ್ಟು ದಾಟುತ್ತದೆ.

ಹಾಗಾಗಿ ಕೊಳ್ಳುವ ಮುನ್ನ ಮನೆಯ ವೈರಿಂಗ್, ವೋಲ್ಟೇಜ್ ಮತ್ತು ನೀರು ನೋಡಿ.

ಇನ್‌ಸ್ಟಂಟ್ ಗೀಸರ್ 3000 ವ್ಯಾಟ್, ಅಂದರೆ 13 ಆಂಪಿಯರ್. ಇದಕ್ಕೆ 4 ಚದರ ಮಿ.ಮೀ. ತಾಮ್ರದ ವೈರ್, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಇರಲೇಬೇಕು. ಸಣ್ಣ ಸಾಕೆಟ್‌ಗೆ ಅಡಾಪ್ಟರ್ ಹಾಕಿ ಓಡಿಸಿದರೆ ಮೊದಲು ಪ್ಲಗ್ ಪಿನ್ ಕಪ್ಪಾಗುತ್ತದೆ, ಆಮೇಲೆ ಸಾಕೆಟ್ ಕರಗುತ್ತದೆ. ಎಲ್ಲ ಸರಿಯಿದ್ದರೂ ಅದು 20 ಡಿಗ್ರಿ ಏರಿಸಿ ಕೊಡುವುದು ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ. ಬಕೆಟ್ ತುಂಬಲು ಏಳು ನಿಮಿಷ. ಮಲೆನಾಡಿನ ಹಳ್ಳಿಗಳಲ್ಲಿ ಆಗುವಂತೆ ವೋಲ್ಟೇಜ್ 180ಕ್ಕೆ ಇಳಿದರೆ 3000 ವ್ಯಾಟ್ 1840 ಆಗುತ್ತದೆ, ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು ಬರುತ್ತದೆ. ದೂರು ಯಂತ್ರದ ಮೇಲೆ ಹೋಗುತ್ತದೆ, ತಪ್ಪು ಲೈನಿನದು. ಪಾತ್ರೆ ತೊಳೆಯುವ ಸಿಂಕ್‌ಗೆ ಮಾತ್ರ ಇದು ಒಳ್ಳೆಯದು.

ನಾಲ್ಕು ಜನರ ಮನೆಗೆ ನಮ್ಮ ಮತ 2000 ವ್ಯಾಟ್‌ನ, ಐದು ಸ್ಟಾರ್‌ನ, ಒಳಗೆ ಗ್ಲಾಸ್ ಲೈನಿಂಗ್ (ತುಕ್ಕು ತಡೆಯುವ ಗಾಜಿನ ಲೇಪ) ಇರುವ 15 ಲೀಟರ್ ಸ್ಟೋರೇಜ್ ಗೀಸರ್‌ಗೆ. 60 ಡಿಗ್ರಿಗೆ ಕಾದ 15 ಲೀಟರ್‌ಗೆ ಅಷ್ಟೇ ತಣ್ಣೀರು ಬೆರೆಸಿದರೆ ಎರಡು ಬಕೆಟ್. ಕಾಯಲು 21 ನಿಮಿಷ. ವೋಲ್ಟೇಜ್ 180 ಇದ್ದರೆ 34 ನಿಮಿಷ, ಆದರೆ ನೀರಂತೂ ಕಾಯುತ್ತದೆ. ಎಂಟನೇ ಮಹಡಿಯಲ್ಲಿದ್ದರೆ ಅಥವಾ ಪ್ರೆಶರ್ ಪಂಪ್ ಇದ್ದರೆ 8 ಬಾರ್ ನೀರಿನ ಒತ್ತಡ ತಡೆಯುವ ಟ್ಯಾಂಕೇ ತೆಗೆದುಕೊಳ್ಳಿ. ಸ್ಟೋರೇಜ್ ಗೀಸರ್‌ಗಳ ಭಾರತೀಯ ಮಾನಕವಾದ ಐಎಸ್ 2082 ಗುರುತು ನೋಡಿ. ಸ್ಟಾರ್ ಹೆಚ್ಚಿದ್ದಷ್ಟು ಕಾದ ನೀರು ಸುಮ್ಮನೆ ಆರುವುದು ಕಮ್ಮಿ. ಹಾಗೆಂದು ದಿನವಿಡೀ ಸ್ವಿಚ್ ಹಾಕಿಡಬೇಡಿ.

ಬೋರ್‌ವೆಲ್ ನೀರಾದರೆ ಇದನ್ನೂ ಗಮನಿಸಿ: ನೀರು ಕಾಯಿಸುವ ಎಲಿಮೆಂಟ್ ಮೇಲೆ ಸುಣ್ಣದಂಥ ಬಿಳಿ ಪದರ ಕೂತು ಕಾಯುವಾಗ ಟಪಟಪ ಸದ್ದು ಬರುತ್ತದೆ. ಪದರ ದಪ್ಪವಾದಂತೆ ಶಾಖ ನೀರಿಗೆ ಹೋಗದೆ ಎಲಿಮೆಂಟ್ ಸುಟ್ಟುಹೋಗುತ್ತದೆ. ಬಿಸಿಯ ಮಿತಿ ಹಿಡಿಯುವ ಥರ್ಮೋಸ್ಟ್ಯಾಟ್ 55 ಡಿಗ್ರಿಯಲ್ಲಿಟ್ಟರೆ ಸುಣ್ಣ ಕೂರುವುದು ನಿಧಾನ. ಟ್ಯಾಂಕಿನ ಬದಲು ತಾನು ಸವೆಯುವ ಮೆಗ್ನೀಷಿಯಂ ರಾಡ್ ಒಳಗಿರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ, ಬೆರಳಿನಷ್ಟಿದ್ದದ್ದು ತಂತಿಯಾಗಿದ್ದರೆ ಬದಲಿಸಿ. ನೀವು ಕೇಳದಿದ್ದರೆ ಸರ್ವಿಸ್‌ನವರು ಇದನ್ನು ಮುಟ್ಟುವುದೇ ಇಲ್ಲ.

ಕಾಯಿಲ್ ತಾತ್ಕಾಲಿಕಕ್ಕೆ ಸಾಕು. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲಷ್ಟೇ ನೀರು ಮುಟ್ಟಿ ನೋಡಬೇಕು. ಮಕ್ಕಳಿರುವ ಮನೆಗೆ ಬೇಡ.

ಹೊಸ ಗೀಸರ್ ಕೂರಿಸಿದ ದಿನ ಬಿಸಿನೀರಿನ ನಲ್ಲಿ ತೆರೆದು ನೀರು ಧಾರೆಯಾಗಿ ಬಂದ ಮೇಲೆಯೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಬೇಗನೆ ಸುಡುತ್ತದೆ. ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ಹನಿ ತೊಟ್ಟಿಕ್ಕುವುದು ಸಹಜ, ಅದನ್ನು ಬೂಚು ಹಾಕಿ ಮುಚ್ಚಲೇಬೇಡಿ.