ಒಳಗೆ ಹೋಗೋಕೇ 100 ರೂಪಾಯಿ
ಮೊನ್ನೆ ಭಾನುವಾರ ನಮ್ಮ ಏರಿಯಾ ಗ್ರೌಂಡಲ್ಲಿ ಫುಡ್ ಫೆಸ್ಟ್‌ಗೆ ಹೋಗಿದ್ವಿ, ತಲೆಗೆ 100 ರೂಪಾಯಿ ಎಂಟ್ರಿ, ನಾಲ್ಕು ಜನಕ್ಕೆ ಏನೂ ತಿನ್ನೋಕೆ ಮುಂಚೆನೇ 400 ಹೋಯ್ತು. ಕ್ಯೂನಲ್ಲಿದ್ದ ಅಜ್ಜಿ ಒಬ್ರು ರೇಟ್ ಕೇಳಿ ಮೊಮ್ಮಗನ್ನ ಕರ್ಕೊಂಡು ವಾಪಸ್ ಹೋಗ್ಬಿಟ್ರು, ತುಂಬಾ ಬೇಜಾರಾಯ್ತು. ಪಕ್ಕದವ್ರು ದುಡ್ಡಿಟ್ರೆ ರಶ್ ಕಮ್ಮಿ ಅಂದ್ರು, ನಿಜ, ಕೂರೋಕೆ ಜಾಗ ಇತ್ತು, ಕ್ಲೀನಾಗೂ ಇತ್ತು. ಆದ್ರೆ ಬೆಂಗಳೂರಿನ ಸಜ್ಜನ್ ರಾವ್ ಸರ್ಕಲ್ ಹತ್ರ ಅವರೆಬೇಳೆ ಮೇಳ ವರ್ಷಗಟ್ಟಲೆ ರಸ್ತೆಲೇ ನಡೀತು, ಬಸವನಗುಡಿ ಕಡ್ಲೆಕಾಯಿ ಪರಿಷೆಗೂ ಕಾರ್ತಿಕದ ಕೊನೇ ಸೋಮವಾರ ಯಾರು ಬೇಕಾದ್ರೂ ಹೋಗ್ಬಹುದು, ಟಿಕೆಟ್ ಇಲ್ಲ. ಇಲ್ಲಿ ಮುದ್ದೆ, ಹಿತಕಿದ ಬೇಳೆ ಸಾರು ಮಾತ್ರ ಸೂಪರ್, ಆ ಸ್ಟಾಲ್ ಅಕ್ಕ ಎರಡನೇ ಸಲ ಸಾರು ಹಾಕಿದ್ದಕ್ಕೆ ದುಡ್ಡೇ ತಗೊಳ್ಲಿಲ್ಲ. ಮುಂದಿನ ಸಲ ದಯವಿಟ್ಟು ಆ 100ಕ್ಕೆ ಊಟದ ಕೂಪನ್ ಕೊಡಿ, ವಯಸ್ಸಾದವ್ರಿಗೆ, ಮಕ್ಕಳಿಗೆ ಫ್ರೀ ಬಿಡಿ.